ಬೆರಳ ತುದಿಯಷ್ಟು ಲೋಹ

ಮನೆಯ ಟೀವಿ ಕೇಬಲ್‌ನ ತುದಿಯಲ್ಲಿ ಒಂದು ಪುಟ್ಟ ಲೋಹದ ಕನೆಕ್ಟರ್ ಇರುತ್ತದಲ್ಲ, ಅದು ಸಡಿಲವಾದರೆ ಧಾರಾವಾಹಿ ನಿಂತೀತು, ಅಷ್ಟೇ. ಅದರ ದಾಯಾದಿಯೊಂದು ವಿಮಾನದಲ್ಲೂ ಇದೆ. ರೇಡಿಯೋಗೂ ಆಂಟೆನಾಗೂ ನಡುವಿನ ಕೊಂಡಿ ಅದೇ.

ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ಎಚ್‌ಎಎಲ್‌ನ ಏವಿಯಾನಿಕ್ಸ್ ವಿಭಾಗ ಇರುವುದು ಹೈದರಾಬಾದಿನ ಬಾಲಾನಗರದಲ್ಲಿ. ಇದೇ ಊರಿನ ಬೇರೊಂದು ಸಣ್ಣ ಕಂಪನಿಯಲ್ಲಿ, ವಿಮಾನದ ರೇಡಿಯೋಗಳನ್ನು ಪರೀಕ್ಷಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಒಮ್ಮೆ ಒಂದು ರೇಡಿಯೋ ಬೆಳಿಗ್ಗೆ ಪಾಸಾಗುತ್ತಿತ್ತು, ಮಧ್ಯಾಹ್ನ ಫೇಲಾಗುತ್ತಿತ್ತು. ಎಲ್ಲರ ಕಣ್ಣೂ ಕೋಡಿನ ಮೇಲೆ. ಹಿರಿಯ ತಂತ್ರಜ್ಞರೊಬ್ಬರು ಬಂದು ಕೇಬಲನ್ನು ಮೆಲ್ಲಗೆ ಅಲುಗಿಸಿದರು. ಪರದೆಯ ಮೇಲಿನ ಅಂಕಿ ಕುಣಿಯಿತು. "ಮೇಜಿನ ಮೇಲೆ ಸಿಕ್ಕಿತಲ್ಲ, ಪುಣ್ಯ" ಎಂದರು.

ಆ ಮಾತಿನ ತೂಕ ಆಮೇಲೆ ತಿಳಿಯಿತು. ಪೈಲಟ್ ಮತ್ತು ಕಂಟ್ರೋಲ್ ಟವರ್ ಮಾತಾಡುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಆಪತ್ತಿನ ಕರೆಗೆ 121.5. ಪೂರ್ತಿ ಸತ್ತ ಕನೆಕ್ಟರ್ ನೆಲದಲ್ಲೇ ಸಿಕ್ಕಿಬೀಳುತ್ತದೆ. ಅಪಾಯ ಇರುವುದು ಆಗಾಗ ಕೈಕೊಡುವ ಕನೆಕ್ಟರಿನಲ್ಲಿ.

ಕಾಲು ಸುತ್ತು ತಿರುಗಿಸಿದರೆ ಕೂರುವ ಬಿಎನ್‌ಸಿ ಕನೆಕ್ಟರಿನಲ್ಲಿ ಪಾಲ್ ನೀಲ್, ಕಾರ್ಲ್ ಕಾನ್ಸೆಲ್ಮನ್ ಎಂಬ ಇಬ್ಬರು ಎಂಜಿನಿಯರುಗಳ ಹೆಸರಿದೆ. ಅದನ್ನು ಹಿಡಿದಿಡುವುದು ಸ್ಪ್ರಿಂಗ್. ಕಂಪನ ಹೆಚ್ಚಾದರೆ ಅದು ತುಸು ಅಲುಗಾಡಬಹುದು. ಅದಕ್ಕೇ ಮರೆ ಕೊರೆದು ಟಿಎನ್‌ಸಿ ಮಾಡಿದರು. ಧ್ವನಿ ರೇಡಿಯೋಗೆ ಒಳ್ಳೆಯ ಬಿಎನ್‌ಸಿ ಸಾಕು. 1090 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುವ ಟ್ರಾನ್ಸ್‌ಪಾಂಡರ್‌ಗೆ ಟಿಎನ್‌ಸಿ ವಾಸಿ.

ಆಯ್ಕೆ ಅಲ್ಲಿಗೆ ಮುಗಿಯುವುದಿಲ್ಲ. ಆರ್‌ಜಿ-58 ಮತ್ತು ಆರ್‌ಜಿ-400 ಕೇಬಲ್‌ಗಳು ಹೊರಗೆ ಒಂದೇ ದಪ್ಪ. ಆದರೆ ಆರ್‌ಜಿ-400ರೊಳಗೆ ಬೆಳ್ಳಿ ಲೇಪದ ಎರಡು ಜಾಲರಿಗಳಿವೆ. ಹೆಚ್ಚು ಬಿಸಿಯನ್ನೂ ತಡೆಯುತ್ತದೆ. ಒಂದು ಜಾಲರಿಗೆಂದು ಮಾಡಿದ ಕನೆಕ್ಟರನ್ನು ಅದಕ್ಕೆ ಒತ್ತಿ ಕೂರಿಸಿದರೆ ಹಿಡಿತ ಸರಿಬಾರದು. ಒತ್ತುವ ಇಕ್ಕಳದ ಅಚ್ಚೂ ಅಳತೆಗೆ ತಕ್ಕದ್ದೇ ಆಗಬೇಕು.

ಕೋಠಿಯ ಗುಜರಾತಿ ಗಲ್ಲಿಯಲ್ಲಿ ಬಿಎನ್‌ಸಿಗಳು ಹಿಡಿಗಟ್ಟಲೆ ಸಿಗುತ್ತವೆ. ಸಿಸಿಟಿವಿಗೆ ಅವು ಸಾಕು. ಆದರೆ ಆ ಕ್ಯಾಮೆರಾಗಳ ಲೆಕ್ಕ 75 ಓಮ್, ವಿಮಾನದ ರೇಡಿಯೋದ್ದು 50. ನೋಡಲು ಎರಡೂ ಅವಳಿ. ಲೇಪ ಎಂಥದ್ದು, ಯಾರು ಮಾಡಿದ್ದು, ಯಾವ ಬ್ಯಾಚು ಎಂದು ಹೇಳುವುದು ಜೊತೆಗೆ ಬರುವ ಪ್ರಮಾಣಪತ್ರ ಮಾತ್ರ. ವಿಮಾನಕ್ಕೆ ಕೊಳ್ಳುವಾಗ ಬೆಲೆಯ ಬಹುಪಾಲು ಆ ಕಾಗದಕ್ಕೇ ಎನಿಸಿದರೂ ಚೌಕಾಸಿ ಬೇಡ. ನಮ್ಮ ಸರ್ವರುಗಳಲ್ಲಿ ಕಳೆದುಹೋದ ಸಂದೇಶ ತಾನೇ ಮತ್ತೆ ಹೊರಡುತ್ತದೆ. ಪೈಲಟ್ ಆಡಿದ ಮಾತಿಗೆ ಆ ಸೌಲಭ್ಯವಿಲ್ಲ.