ಆರಡಿ ಜಾಗಕ್ಕೆ ಯಾವ ಲೆನ್ಸ್?

ಊರ ಕಡೆ ಅಂಗಡಿ, ಖಾನಾವಳಿ, ಮಗ್ಗ, ಗಾಣ ಇಟ್ಟುಕೊಂಡವರಿಗೆ ವಿಡಿಯೊ ಮಾಡಿಕೊಡುವ ಕೆಲಸಕ್ಕೆ ಇಳಿದ ಗೆಳೆಯರು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: ‘ಯಾವ ಕ್ಯಾಮೆರಾ ತಗೊಳ್ಳಲಿ?’ ಕ್ಯಾಮೆರಾ ಹಳೇದಿದ್ದರೂ ನಡೆಯುತ್ತದೆ. ನೀವು ಶೂಟ್ ಮಾಡುವ ಕೋಣೆ ಎಷ್ಟು ಅಡಿ ಇದೆ, ಒಳಗೆ ಬೆಳಕು ಎಷ್ಟಿದೆ, ಅದನ್ನು ಹೇಳಿ. ಯಾವ ಲೆನ್ಸ್ ಬೇಕು ಎನ್ನುವುದು ಆಮೇಲೆ ಗೊತ್ತಾಗುತ್ತದೆ.

ನನಗೆ ಈ ಲೆಕ್ಕ ಹಾಕುವ ಅಗತ್ಯ ಬಂದದ್ದು ಇಳಕಲ್‌ನಲ್ಲಿ ಒಬ್ಬ ನೇಕಾರರ ಮನೆಯ ಕೆಲಸ ಒಪ್ಪಿಕೊಂಡಾಗ. ಅವ್ವ ಸಂಘದಿಂದ ನನಗಾಗಿ 15 ಸಾವಿರ ಸಾಲ ತೆಗೆದಿದ್ದಳು. ವಾರ ವಾರ ಕಂತು. ಒಂದು ವಿಡಿಯೊಗೆ ನನಗೆ ಸಿಗುವುದು ಎರಡೂವರೆ ಸಾವಿರ. ಯೂಟ್ಯೂಬ್ ನೋಡಿ ‘ಇದು ಬೆಸ್ಟ್ ಲೆನ್ಸ್’ ಎಂದು ಆರ್ಡರ್ ಮಾಡಿಬಿಡುವ ದುಡ್ಡು ಅದಾಗಿರಲಿಲ್ಲ.

ಎಲ್ಲರೂ ಮೊದಲು ಹೇಳುವುದು 50 ಎಂಎಂ, ಎಫ್ 1.8. ಕಡಿಮೆ ಬೆಲೆಗೆ ಸಿಗುತ್ತದೆ, ಹಿಂದಿನದೆಲ್ಲ ಮಸುಕಾಗಿ ಮುಖ ಎದ್ದು ಕಾಣುತ್ತದೆ. ಬೆಳಕಿನ ವಿಷಯದಲ್ಲೂ ಅದು ಗಟ್ಟಿ. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸ್ ಅನ್ನು ಪೂರ್ತಿ ಝೂಮ್ ಮಾಡಿದರೆ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 1.8 ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಒಂದೇ ಟ್ಯೂಬ್‌ಲೈಟ್ ಇರುವ ಮನೆಯಲ್ಲಿ ಹತ್ತು ಪಟ್ಟು ಎಂದರೆ ಸಣ್ಣ ಮಾತಲ್ಲ.

ಆದರೆ ಜಾಗ? ಕಾಕಾನ ಕುಣಿ ಮಗ್ಗ ಕೋಣೆಯ ಮುಕ್ಕಾಲು ಪಾಲು ತುಂಬಿದೆ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಮಗ್ಗಕ್ಕೂ ನನಗೂ ನಡುವೆ ಆರಡಿ. ನನ್ನ ಕ್ಯಾಮೆರಾದ ಸೆನ್ಸರ್ ಸಣ್ಣದು, ಅಗಲ ಸುಮಾರು 22 ಮಿಲಿಮೀಟರ್. ಆ ಅಗಲವನ್ನು ಲೆನ್ಸಿನ ಎಂಎಂನಿಂದ ಭಾಗಿಸಿ ದೂರದಿಂದ ಗುಣಿಸಿದರೆ ಚೌಕಟ್ಟಿನಲ್ಲಿ ಎಷ್ಟು ಅಗಲ ಹಿಡಿಯುತ್ತದೆ ಎಂಬುದು ಸಿಗುತ್ತದೆ. 50 ಎಂಎಂಗೆ ಎರಡೂವರೆ ಅಡಿ ಚಿಲ್ಲರೆ. 24ಕ್ಕೆ ಐದೂವರೆ. 18ಕ್ಕೆ ಏಳಡಿ ದಾಟುತ್ತದೆ. ರೀಲ್ಸ್‌ಗೆಂದು ಕ್ಯಾಮೆರಾ ನಿಲ್ಲಿಸಿ ಹಿಡಿದರಂತೂ 50ರಲ್ಲಿ ಬರುವುದು ಒಂದೂವರೆ ಅಡಿ. ಕಾಕಾನ ಮುಖ ಬಂದರೆ ಕೈ ಬರುವುದಿಲ್ಲ, ಕೈ ಬಂದರೆ ಲಾಳಿ ಓಡುವುದು ಕಾಣುವುದಿಲ್ಲ. ಎಸ್ಸೆಸ್ಸೆಲ್ಸಿ ಗಣಿತ ಇಷ್ಟು ದಿನಕ್ಕೆ ಹೊಟ್ಟೆಪಾಡಿಗೆ ಬಂತು ಅನ್ನಿ.

ಹಾಗಾಗಿ 24 ಎಂಎಂ, ಎಫ್ 2.8, ಸೆಕೆಂಡ್ ಹ್ಯಾಂಡ್ ಲೆನ್ಸ್ ಒಂದನ್ನು ಆರೂವರೆ ಸಾವಿರಕ್ಕೆ ಹುಡುಕಿದೆ. ಬಿಸ್ಕೀಟಿನಷ್ಟು ತೆಳ್ಳಗಿದೆ. ಹಳೇ ಲೆನ್ಸ್ ಕೊಳ್ಳುವವರು ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ಗಾಜಿನ ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಸ್ಟು, ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟು ಬನ್ನಿ. ಫೋಕಸ್ ಮೋಟಾರ್ ಸದ್ದು ಮಾಡುತ್ತದೆಯೇ ಎಂದು ಕಿವಿಗೊಟ್ಟು ಕೇಳಿ. ಫೋಟೊಗೆ ನಡೆಯುವ ಗರ್‌ಗರ್ ಸದ್ದು ವಿಡಿಯೊದಲ್ಲಿ ಮಾತಿನ ನಡುವೆ ಕೂರುತ್ತದೆ.

ಕಾಕಾನಿಗೆ ಲೆನ್ಸಿನ ಮಾತು ಬೇಕಾಗಿರಲಿಲ್ಲ. ಅವರ ಬೇಡಿಕೆ ಒಂದೇ. ‘ತಮ್ಮಾ, ಏನರ ಮಾಡು, ಕೊಂಡಿ ಮಾತ್ರ ಕಾಣಬೇಕ ನೋಡು. ಇದನ್ನ ಕೈಲೇ ಹಾಕಬೇಕ. ಮಂದಿಗೆ ಅದ ಗೊತ್ತಿಲ್ಲ, ಮಷಿನ್ ಸೀರಿ ರೇಟಿಗೆ ಕೇಳ್ತಾರ.’

ಇಳಕಲ್ ಸೀರೆ ಉಟ್ಟವರಿಗೆ ಗೊತ್ತು, ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಯ ಹತ್ತಿ ಎಳೆಯನ್ನು ಸೆರಗಿನ ರೇಷ್ಮೆ ಎಳೆಗೆ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೈಯಿಂದ ಕೂಡಿಸುತ್ತಾರೆ. ಅದೇ ಕೊಂಡಿ. ಕಾಕಾನ ಮನೆಯಲ್ಲಿ ಆ ಕೆಲಸ ಕಾಕುನದು. ಸೀರೆಗೆ ಸಿಗುವ ಬೆಲೆ ನಿಂತಿರುವುದು ಆ ಸಣ್ಣ ಸಾಲಿನ ಮೇಲೆ, ಆರಡಿ ದೂರದಿಂದ ಅದು ಬರೀ ಒಂದು ಗೆರೆ.

ಇಲ್ಲಿ ಮ್ಯಾಕ್ರೊ ಲೆನ್ಸ್ ಬೇಕು ಎನ್ನುತ್ತಾರೆ. ನನ್ನ ಸಾಲದ ದುಡ್ಡಿಗೆ ಅದು ಎಟುಕದು. ಎಕ್ಸ್‌ಟೆನ್ಶನ್ ಟ್ಯೂಬ್ ಎಂಬುದೊಂದಿದೆ. ಒಳಗೆ ಗಾಜಿಲ್ಲದ ಟೊಳ್ಳು ಉಂಗುರ, ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಹಾಕುವುದು. ಲೆನ್ಸ್ ಸೆನ್ಸರ್‌ನಿಂದ ದೂರ ಸರಿಯುವುದರಿಂದ ತೀರಾ ಹತ್ತಿರದ್ದು ಫೋಕಸ್ ಆಗುತ್ತದೆ. ಗೆಳತಿಯ 50 ಎಂಎಂ ಎರವಲು ತಂದು ಟ್ಯೂಬ್ ಹಾಕಿದೆ. 1.8ರಲ್ಲಿ ತೆರೆದಿಟ್ಟರೆ ಇಷ್ಟು ಹತ್ತಿರದಲ್ಲಿ ಒಂದು ಎಳೆ ಸ್ಪಷ್ಟ, ಪಕ್ಕದ್ದು ಮಂಜು. ಕಾಕುನ ಬೆರಳು ಕೂದಲೆಳೆಯಷ್ಟು ಸರಿದರೂ ಫೋಕಸ್ ಹೋಗುತ್ತದೆ. 5.6ಕ್ಕೆ ಇಳಿಸಿ, ಕಿಟಕಿಗೆ ಹೊದಿಸಿದ್ದ ಗೋಣಿ ಚೀಲ ತೆಗೆಸಿ, ಬಿಳಿ ಧೋತರವೊಂದನ್ನು ಎದುರಿಗೆ ಕಟ್ಟಿ ಬೆಳಕು ತಿರುಗಿಸಿದೆವು. ಶಟರ್ 1/50. ನಮ್ಮ ಕರೆಂಟು 50 ಹರ್ಟ್ಜ್, ಅದಕ್ಕೆ ಹೊಂದುವ ಶಟರ್ ಇಟ್ಟರೆ ಟ್ಯೂಬ್‌ಲೈಟ್ ಮಿನುಗುವುದು ವಿಡಿಯೊದಲ್ಲಿ ಕಾಣುವುದಿಲ್ಲ.

ಮೊಬೈಲ್‌ನಲ್ಲೇ ಶೂಟ್ ಮಾಡುವವರಿಗೂ ಇದೇ ಲೆಕ್ಕ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಕಷ್ಟು ಅಗಲ ಹಿಡಿಯುತ್ತದೆ, ಸಣ್ಣ ಕೋಣೆಗೆ ಅದೇ ಸಾಕು. 0.5 ಎಂದು ಬರೆದಿರುವ ಅಲ್ಟ್ರಾವೈಡ್ ಬಗ್ಗೆ ಮಾತ್ರ ನನ್ನ ತಕರಾರಿದೆ. ರೊಟ್ಟಿ ಕೇಂದ್ರ ನಡೆಸುವ ಅಕ್ಕ ಒಬ್ಬರು, ‘ನಮ್ಮ ಜಾಗಾ ದೊಡ್ಡದು ಕಾಣೂ ಹಂಗ ತಗಿ’ ಎಂದಿದ್ದರು. 0.5 ಹಾಕಿದರೆ ಹತ್ತಡಿ ಕೋಣೆ ಕಲ್ಯಾಣ ಮಂಟಪ ಆಗುತ್ತದೆ. ಅದನ್ನು ನೋಡಿ ದಿನಕ್ಕೆ ಸಾವಿರ ರೊಟ್ಟಿಯ ಆರ್ಡರ್ ಹಿಡಿದು ಬಂದವರಿಗೆ ಎರಡೇ ಒಲೆ ಕಂಡರೆ ಮುಜುಗರ ಅಕ್ಕನಿಗೆ. ಇನ್ನೊಂದು, ಹತ್ತಿರ ನಿಂತು ತೆಗೆದರೆ ಮುಂದೆ ಚಾಚಿದ ಕೈ ಮೊರದಷ್ಟು, ಮುಖ ನಿಂಬೆಹಣ್ಣಿನಷ್ಟು. ಇದು ಲೆನ್ಸಿಗಿಂತ ದೂರದ ಆಟ. ನಾಲ್ಕು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಒತ್ತಿದರೆ ಮುಖ ಮುಖದಂತಿರುತ್ತದೆ. ಹಾಗೇ ತೆಗೆದೆ. ಕೋಣೆ ಇದ್ದಷ್ಟೇ ಕಂಡಿತು. ಅಕ್ಕನಿಗೆ ಸ್ವಲ್ಪ ಬೇಸರ, ಆದರೆ ರೊಟ್ಟಿ ಉಬ್ಬುವ ಶಾಟ್ ಅನ್ನು ಈಗಲೂ ಸ್ಟೇಟಸ್‌ಗೆ ಹಾಕುತ್ತಾರೆ.

ಕಾಕಾನ ವಿಡಿಯೊ ಒಂದು ನಿಮಿಷ ಚಿಲ್ಲರೆ ಬಂತು. ಅದರಲ್ಲಿ ಕೊಂಡಿಯದೇ 20 ಸೆಕೆಂಡ್. ಸೀರೆ ಕೊಳ್ಳುವ ಅಂಗಡಿಯವರಿಗೆ ತೋರಿಸಲು ಅಷ್ಟನ್ನೇ ಬೇರೆ ಮಾಡಿ ಕೊಡು ಎಂದರು, ವಾಟ್ಸ್ಆಪ್‌ನಲ್ಲಿ ಕಳಿಸಿದೆ. ಬೆಲೆ ಎಷ್ಟು ಏರಿತು ಎಂದು ನಾನಿನ್ನೂ ಕೇಳಿಲ್ಲ.

ಸಾಲದಲ್ಲಿ ಉಳಿದದ್ದರಿಂದ ಒಂದು ಕಾಲರ್ ಮೈಕ್ ಬಂದಿದೆ. ಮುಂದಿನ ವಾರ ಚಕ್ಕುಲಿ ಮಾಡುವವರ ಮನೆ. ಕುದಿಯುವ ಎಣ್ಣೆಯ ಬಾಣಲೆ ಹತ್ತಿರ 24 ಎಂಎಂ ಹಿಡಿದು ಹೋಗುವಂತಿಲ್ಲ. ದೂರದಿಂದ ತೆಗೆಯಲು 55-250 ಬೇಕು, ಅದನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ತರುತ್ತೇನೆ.