ಗೆಸ್ಟು

ಅಪ್ಪನಿಗೆ ಟ್ರಾನ್ಸ್‌ಫರ್ ಆಗಿ ನಾವು ಮೈಸೂರು ಬಿಟ್ಟು 2 ವರ್ಷ ಆಯ್ತು. ಸೆಮ್ ಎಕ್ಸಾಂ ಮುಗಿಸಿ ಹೋದಾಗ ಅಲ್ಲಿ ನಮಗೆ ಅಂತ ಮನೆ ಇರಲಿಲ್ಲ, ತಿನ್ನೋ ಜಾಗಗಳು ಮಾತ್ರ ಹಾಗೇ ಇದ್ವು.

ನಜರ್‌ಬಾದಿನ ಮೈಲಾರಿ ದೋಸೆ ಗರಿಗರಿ ಅಲ್ಲ, ಹತ್ತಿ ಥರ ಮೆತ್ತಗೆ. ಒಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ. ಆ ರಸ್ತೆಯಲ್ಲಿ ಮೈಲಾರಿ ಅನ್ನೋ ಬೋರ್ಡೇ ಒಂದಕ್ಕಿಂತ ಹೆಚ್ಚಿದೆ. ಯಾವುದು ಒರಿಜಿನಲ್ ಅಂತ ನನಗೂ ನನ್ನ ಸ್ಕೂಲ್ ಫ್ರೆಂಡಿಗೂ ಇನ್ನೂ ಜಗಳ. (ಅವನು ಹೇಳೋದು ತಪ್ಪು.)

ಮೊದಲೆಲ್ಲ ದೋಸೆ ತಿಂದು ಅವರ ಮನೆಗೋ ನಮ್ಮ ಮನೆಗೋ ಹೋಗ್ತಿದ್ವಿ. ಈ ಸಲ ನಾನು ಬಿಲ್ ಕೊಡೋಕೆ ಹೋದರೆ, "ಇರಲಿ ಬಿಡೋ, ನೀನು ಗೆಸ್ಟು" ಅಂದ. ಪ್ರೀತಿಯಿಂದಲೇ ಅಂದದ್ದು. ಆದರೆ ಮೈಸೂರಲ್ಲಿ ನಾನು ಗೆಸ್ಟಾ?

ಸಂಜೆ ದೇವರಾಜ ಮಾರ್ಕೆಟ್ ಹತ್ತಿರದ ಗುರು ಸ್ವೀಟ್ ಮಾರ್ಟ್‌ಗೆ ಹೋದ್ವಿ. ಮೈಸೂರು ಪಾಕ್ ಮೊದಲು ಮಾಡಿದವರು ಅರಮನೆ ಬಾಣಸಿಗ ಕಾಕಾಸುರ ಮಾದಪ್ಪ ಅಂತಾರಲ್ಲ, ಅವರ ವಂಶದವರ ಅಂಗಡಿ. ಊರಲ್ಲಿದ್ದಾಗ ಒಂದೊಂದು ಪೀಸ್ ತಗೊಂಡು ಅಲ್ಲೇ ನಿಂತು ತಿಂತಿದ್ವಿ. ಈ ಸಲ ಹಾಸ್ಟೆಲ್‌ಗೆ ಅಂತ ಅರ್ಧ ಕೆಜಿ ಪ್ಯಾಕ್ ಮಾಡಿಸಿದೆ. ದುಡ್ಡು ಮಾತ್ರ ಅವನಿಗೆ ಕೊಡೋಕೆ ಬಿಡಲಿಲ್ಲ.