ಉಗ್ರಾಣದ ರಾಯರ ಮೂರ್ಛೆ

ಊರ ಕಡೆಯ ಮದುವೆಗಳಲ್ಲಿ ಉಗ್ರಾಣ ನೋಡಿಕೊಳ್ಳಲು ಒಬ್ಬ ರಾಯರು ಇರುತ್ತಿದ್ದುದು ಓದುಗರಲ್ಲಿ ಹಿರಿಯರಾದವರಿಗೆ ನೆನಪಿರಬಹುದು. ಬೀಗದ ಕೈ ಸೊಂಟದಲ್ಲಿ, ಪಟ್ಟಿ ಕೈಯಲ್ಲಿ. ಅಡಿಗೆಯವರು ಹೋಳಿಗೆಗೆ ಬೇಳೆ ಕೇಳಿದರೆ ಸಾಕು, ಬೆಲ್ಲ, ಏಲಕ್ಕಿ, ಕಣಕದ ಹಿಟ್ಟು, ತಟ್ಟುವುದಕ್ಕೆ ಬಾಳೆಲೆ, ಎಲ್ಲವನ್ನೂ ತಾವೇ ಅಳೆದು ಕಳಿಸುವರು. ಇದಕ್ಕೆ ಅದು ಬೇಕು, ಅದಕ್ಕೆ ಮತ್ತೊಂದು ಬೇಕು ಎಂಬ ಸಂಬಂಧವೆಲ್ಲ ಅವರಿಗೆ ಬಾಯಿಪಾಠ.

ಗಣಕಯಂತ್ರದೊಳಗೂ ಇಂಥ ರಾಯರೊಬ್ಬರು ಇರುತ್ತಾರೆ. ನಮ್ಮ ಡೊಂಬಿವಲಿಯ ಮನೆಯಲ್ಲಿರುವುದು ಉಬುಂಟು ಎಂಬ ಬಗೆಯ ಲಿನಕ್ಸ್. ಹೊಸ ತಂತ್ರಾಂಶವನ್ನು ತರಿಸುವುದು, ಹಳೆಯದನ್ನು ತೆಗೆಯುವುದು, ಯಾವುದರ ಜೊತೆಗೆ ಯಾವುದು ಇರಬೇಕೆಂದು ನೋಡುವುದು ಇವೆಲ್ಲ ಅದರಲ್ಲಿ ಆಪ್ಟ್ ಎಂಬಾತನ ಪಾಲಿನ ಕೆಲಸ. ಉಬುಂಟುವಿನ ತವರು ಡೆಬಿಯನ್. ಅದನ್ನು ೧೯೯೩ರಲ್ಲಿ ಆರಂಭಿಸಿದ ಇಯಾನ್ ಮರ್ಡಾಕ್ ತನ್ನ ಗೆಳತಿ ಡೆಬ್ರಾಳ ಹೆಸರನ್ನು ಮೊದಲಿಟ್ಟು, ತನ್ನದನ್ನು ಹಿಂದೆ ಸೇರಿಸಿ ಆ ಹೆಸರು ಕಟ್ಟಿದ. ಈ ಸಂಗತಿಯನ್ನು ಕೇಳಿದಂದಿನಿಂದ ನಮ್ಮಾಕೆಗೆ ಲಿನಕ್ಸಿನ ಮೇಲೆ ವಿಶೇಷ ಗೌರವ.

ಆ ಯಂತ್ರದಲ್ಲಿ ನಾವು ಕಾಪಾಡಿಕೊಂಡು ಬಂದದ್ದು ಅಮ್ಮನ ಹಾಡುಗಳನ್ನು. ಅಮ್ಮ ವರ್ಷಕ್ಕೊಮ್ಮೆ ಸಾಗರದಿಂದ ಬಂದು ಎರಡು ತಿಂಗಳು ನಮ್ಮೊಡನಿರುತ್ತಾರೆ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಂಗಿಸುವ ಹಾಡು, ಹೀಗೆ ಅವರು ಹೇಳಿದ್ದನ್ನು ನಮ್ಮಾಕೆ ಕುಳಿತು ಕನ್ನಡದಲ್ಲಿ ಬೆರಳಚ್ಚು ಮಾಡುತ್ತಾಳೆ. ಕಳೆದ ದೀಪಾವಳಿಯವರೆಗಿನದಕ್ಕೆ ಬೇರೆ ಪ್ರತಿಯಿತ್ತು. ಆಮೇಲಿನದೆಲ್ಲ ಯಂತ್ರದಲ್ಲಿ ಮಾತ್ರ. ಅವುಗಳಲ್ಲಿ ಕೆಲವು ಈಗ ಅಮ್ಮನ ಬಾಯಲ್ಲಿಯೂ ಪೂರ್ತಿಯಾಗಿ ಉಳಿದಿಲ್ಲ.

ಉಬುಂಟುವಿನಲ್ಲಿ ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬಹುಕಾಲ ಬಾಳುವ ಆವೃತ್ತಿಯೊಂದು ಹೊರಬರುತ್ತದೆ. ೨೨.೦೪ ಎಂದರೆ ೨೦೨೨ರ ನಾಲ್ಕನೆಯ ತಿಂಗಳಿನದು, ೨೪.೦೪ ಎಂದರೆ ೨೦೨೪ರದು. ಮೊದಲನೆಯದರಿಂದ ಎರಡನೆಯದಕ್ಕೆ ಏರಿಸುವ ಕಾರ್ಯ ಮುಕ್ಕಾಲು ಪಾಲು ಮುಗಿದಿತ್ತು. ಹೊರಗೆ ಆಷಾಢದ ಮಳೆ. ವಿದ್ಯುತ್ತು ಹೋಯಿತು. ಯಂತ್ರಕ್ಕೆ ಜೋಡಿಸಿದ್ದ ಬ್ಯಾಟರಿ ಪೆಟ್ಟಿಗೆ ಹತ್ತು ನಿಮಿಷ ಕೂಗಿಕೊಂಡು ತಾನೂ ಸುಮ್ಮನಾಯಿತು.

ದೀಪ ಬಂದಮೇಲೆ ಯಂತ್ರವೇನೋ ಎದ್ದಿತು, ಆದರೆ ಕನ್ನಡದ ಅಕ್ಷರ ಮೂಡಲೊಲ್ಲದು. ಉಳಿದ ಕೆಲಸ ಮುಗಿಸೆಂದು ಆಪ್ಟನಿಗೆ ಅಪ್ಪಣೆ ಕೊಟ್ಟೆವು. ಪಟ್ಟಿ ಓದುತ್ತಿರುವುದಾಗಿ ಒಂದು ಮಾತು ಹೇಳಿ, ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ನೆಲಕ್ಕೆ ಬಿದ್ದ. ತನ್ನದಲ್ಲದ ನೆನಪಿನ ಜಾಗಕ್ಕೆ ಕೈಹಾಕಿದವನನ್ನು ಯಂತ್ರವು ಅಲ್ಲಿಯೇ ತಡೆದು ನಿಲ್ಲಿಸಿದಾಗ ಬರುವ ಮಾತಂತೆ ಅದು. ಮೂರು ಸಲ ಎಬ್ಬಿಸಿದೆವು, ಮೂರು ಸಲವೂ ಬಿದ್ದ. ಯಂತ್ರದಲ್ಲಿ ಏನು ಕೆಟ್ಟರೂ ಸರಿಪಡಿಸಬೇಕಾದವನೇ ಹೀಗೆ ಬಿದ್ದರೆ ಯಾರನ್ನು ಕರೆಯುವುದು?

ಬೀದಿಯ ಕೊನೆಯ ರಿಪೇರಿ ಅಂಗಡಿಯವನು ಬಂದು ನೋಡಿ, ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡೋಣ, ಒಂದು ಗಂಟೆಯ ಕೆಲಸ ಎಂದ. ಅಮ್ಮನಿಗೆ ಅವನ ಭಾಷೆ ತಿಳಿಯದಿದ್ದರೂ ಕೈಸನ್ನೆ ತಿಳಿಯಿತು. “ಅಳಿಸೋದು ಅಂದ್ರೆ ಏನೋ? ಹಾಡೂ ಹೋಗ್ತದಾ?” ಎಂದರು. ಅಂಗಡಿಯವನಿಗೆ ಚಹಾ ಕೊಟ್ಟು ಕಳಿಸಿದೆವು.

ಆ ಸಂಜೆ ಹೈದರಾಬಾದಿನಲ್ಲಿರುವ ತಂಗಿಯ ಮಗನಿಗೆ ಫೋನು ಮಾಡಿದೆವು. “ಮಾವ, ಯಂತ್ರ ಎದ್ದಿದೆ ತಾನೇ? ಹಾಗಾದರೆ ಅಜ್ಜಿಯ ಹಾಡಿಗೆ ಏನೂ ಆಗಿಲ್ಲ. ಮೊದಲು ಅದನ್ನು ಪೆನ್‌ಡ್ರೈವಿಗೆ ತುಂಬಿಕೊಳ್ಳಿ, ಆಮೇಲೆ ಮಾತಾಡೋಣ” ಎಂದ. ಹಾಗೆಯೇ ಮಾಡಿದೆವು. ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದಮೇಲೆ ಮನೆಯಲ್ಲಿ ಎಲ್ಲರಿಗೂ ಊಟದ ನೆನಪಾಯಿತು.

ಮುಂದೆ ಅವನು ಹೇಳಿದ್ದು ಹೀಗೆ. ಆಪ್ಟನ ಕೈಕೆಳಗೆ ಡಿಪಿಕೆಜಿ ಎಂಬ ಇನ್ನೊಬ್ಬನಿದ್ದಾನೆ. ಆಪ್ಟನಿಗಿಂತ ಹಳಬ, ೧೯೯೪ರಿಂದ ಇರುವವನು. ಏನು ತರಬೇಕು, ಯಾವುದು ಮೊದಲು ಎಂದು ಗೊತ್ತುಮಾಡುವವನು ಆಪ್ಟ್. ಗಂಟು ಬಿಚ್ಚಿ ಸಾಮಾನನ್ನು ಆಯಾ ಜಾಗದಲ್ಲಿ ಇಡುವವನು ಡಿಪಿಕೆಜಿ. ಯಜಮಾನ ಬಿದ್ದರೂ ಆಳು ನೆಟ್ಟಗಿರಬಹುದು. ಡಿಸ್ಕಿನಲ್ಲಿ ಜಾಗವಿದೆಯೆಂದು ಖಚಿತಪಡಿಸಿಕೊಂಡು, ಎಷ್ಟು ಗಂಟು ಅರೆಬಿಚ್ಚಿ ನಿಂತಿವೆಯೆಂದು ಡಿಪಿಕೆಜಿಯನ್ನೇ ಕೇಳಿದೆವು. ಉದ್ದದ ಪಟ್ಟಿ ಒಪ್ಪಿಸಿದ. ಕನ್ನಡ ಬರೆಯಲು ಬೇಕಾದ ಐಬಸ್ ಎಂಬುದೂ ಅದರಲ್ಲಿತ್ತು: ಬಿಚ್ಚಿದೆ, ಹೊಂದಿಸಿಲ್ಲ. ಎಲ್ಲವನ್ನೂ ಹೊಂದಿಸು ಎಂದು ಅಪ್ಪಣೆ ಕೊಟ್ಟಾಗ ಇಪ್ಪತ್ತು ನಿಮಿಷ ದುಡಿದ. ನಡುನಡುವೆ ‘ಹಳೆಯ ಏರ್ಪಾಡನ್ನು ಉಳಿಸಲೇ, ಹೊಸದನ್ನು ಇಡಲೇ’ ಎಂದು ವಿನಯದಿಂದ ಕೇಳಿದ.

ಇಷ್ಟಾದರೂ ಆಪ್ಟ್ ಏಳಲಿಲ್ಲ. ಕಾರಣ ಕೇಳಿ ನಮಗೆ ನಗು ಬಂತು. ಎಲ್ಲ ಸಾಮಾನಿನ ಅಸಲು ಲೆಕ್ಕ ಸಾದಾ ಅಕ್ಷರಗಳ ಪುಸ್ತಕದಲ್ಲಿದೆ. ತೆರೆದರೆ ನಾವೇ ಓದಬಹುದು. ಆದರೆ ಪ್ರತಿಸಲವೂ ಅಷ್ಟನ್ನು ಓದಲು ತಡವಾಗುವುದೆಂದು ಆಪ್ಟ್ ಅದರಿಂದ ಒಂದು ಸಂಕ್ಷೇಪದ ಚೀಟಿ ಬರೆದಿಟ್ಟುಕೊಳ್ಳುತ್ತಾನೆ. ಪಿಕೆಜಿಕ್ಯಾಶ್, ಎಸ್‌ಆರ್‌ಸಿಪಿಕೆಜಿಕ್ಯಾಶ್ ಎಂದು ಎರಡು ಕಡತ. ಕರೆಂಟು ಹೋದ ಗಳಿಗೆಯಲ್ಲಿ ಆ ಚೀಟಿ ಕೆಟ್ಟಿತ್ತು. ರಾಯರು ಪ್ರತಿಸಲ ಅದನ್ನೇ ಓದಿ ಮೂರ್ಛೆಹೋಗುತ್ತಿದ್ದರು.

“ಆ ಎರಡನ್ನೂ ಅಳಿಸಿಬಿಡಿ ಮಾವ.”

“ಅಳಿಸುವುದೆಂದರೆ ಮತ್ತೆ ಅಂಗಡಿಯವನ ಮಾತೇ ಆಯಿತಲ್ಲಪ್ಪ!”

“ಇದು ಚೀಟಿ. ಅಸಲು ಪುಸ್ತಕ ನೋಡಿ ಅವನೇ ಹೊಸದಾಗಿ ಬರೆದುಕೊಳ್ತಾನೆ. ಡಿಪಿಕೆಜಿಯ ಮನೆಯಲ್ಲಿ ಸ್ಟೇಟಸ್ ಅಂತ ಒಂದು ಕಡತ ಇದೆ, ಅದನ್ನು ಮಾತ್ರ ಮುಟ್ಟಬೇಡಿ. ಅದೇ ಅಸಲು.”

ಆ ಅಸಲಿಗೂ ‘ಬ್ಯಾಕಪ್ಸ್’ ಎಂಬ ಕೋಣೆಯಲ್ಲಿ ಹಳೆಯ ಪ್ರತಿಗಳನ್ನು ಯಂತ್ರ ತಾನಾಗಿಯೇ ಇಟ್ಟುಕೊಂಡಿರುವುದನ್ನು ಅಂದೇ ನೋಡಿದೆವು. ನಮ್ಮ ಸಂಘದ ಕಾರ್ಯದರ್ಶಿಗಳಲ್ಲಿಯೂ ಇಷ್ಟು ಎಚ್ಚರದವರು ವಿರಳ.

ಚೀಟಿಗಳನ್ನು ಅಳಿಸಿ, ಪಟ್ಟಿಗಳನ್ನು ಹೊಸದಾಗಿ ತರಿಸಲು ಹೇಳಿದೆವು. ಆಪ್ಟ್ ಎದ್ದ. ಮುರಿದ ಸಂಬಂಧಗಳನ್ನು ಕೂಡಿಸಿದ, ಉಳಿದ ಗಂಟುಗಳನ್ನು ತರಿಸಿದ, ಬೇಡವಾದ ಹಳೆಯವನ್ನು ತೋರಿಸಿ ಅಪ್ಪಣೆ ಕೇಳಿದ. ಹೊಸ ಚೀಟಿ ಬರೆದಮೇಲೂ ಬೀಳುತ್ತಿದ್ದರೆ ಯಂತ್ರದ ಮೆಮೊರಿಯನ್ನೋ ಡಿಸ್ಕನ್ನೋ ಸಂಶಯಿಸಬೇಕೆಂದು ಹುಡುಗ ಹೇಳಿದ್ದರಿಂದ, ರಾತ್ರಿಯೆಲ್ಲ ಮೆಮೊರಿಯ ಪರೀಕ್ಷೆಯನ್ನೂ ನಡೆಸಿದೆವು. ದೋಷ ಕಾಣಲಿಲ್ಲ.

ಮರುದಿನ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರವಿನ್ಯಾಸಗಳೂ ತಮ್ಮ ಜಾಗದಲ್ಲಿ ಕುಳಿತಿದ್ದವು. ನಮ್ಮಾಕೆ ಬೀಗರ ಹಾಡೊಂದನ್ನು ತೆರೆದು ಓದಿದಳು. ಮೂರನೆಯ ನುಡಿ ಹಾಗಲ್ಲವೆಂದು ಅಮ್ಮ ತಡೆದು ಬೇರೆಯೇ ಒಂದನ್ನು ಹಾಡಿದರು.

“ಅತ್ತೆ, ಹೋದ ವರ್ಷ ನೀವೇ ಹೀಗೆ ಹೇಳಿಸಿದ್ದು.”

“ನಾನು ಹಾಗೆ ಹೇಳಿರಲಿಕ್ಕಿಲ್ಲ. ಯಂತ್ರ ಕೆಟ್ಟಿತ್ತಲ್ಲ, ಅದೇ ಬದಲಾಯಿಸಿರಬೇಕು.”

ಈಗ ಆ ಹಾಡಿಗೆ ಮೂರನೆಯ ನುಡಿ ಎರಡಿವೆ.